ರೈಟ್ ಅಂದರೆ ಹೊರಡುವುದು

ಹೊಸ್ತಿಲಾಚೆ ಒಂದು ಕಾಲು, ಈಚೆ ಒಂದು ಕಾಲು. ಕೈಯಲ್ಲಿ ಸ್ಟೀಲ್ ಲೋಟ. ಕಾಫಿ ಆರಿ ಕೆನೆ ಕಟ್ಟಿತು, ಕೆನೆಯ ಮೇಲೆ ನೊಣ ಬಂದು ಕೂತಿತು, ಕೈ ಮಾತ್ರ ಅಲ್ಲಾಡಲಿಲ್ಲ. ನನ್ನ ತಮ್ಮ ಹಾಗೆ 47 ನಿಮಿಷ ನಿಂತಿದ್ದ. ಅದು 2022ರ ನವೆಂಬರ್, ಒಂದು ಭಾನುವಾರ. ನಾನು ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಡುವವಳು, ಏನನ್ನಾದರೂ ಎಣಿಸುತ್ತಲೇ ಇರುತ್ತೇನೆ. ಅವತ್ತು ಎಣಿಸಿದ್ದಷ್ಟೇ ಅಲ್ಲ, ಮೊಬೈಲಿನಲ್ಲಿ ವಿಡಿಯೊನೂ ಮಾಡಿಕೊಂಡೆ. ಅಮ್ಮನಿಗೆ ಎಲ್ಲಿಲ್ಲದ ಕೋಪ ಬಂತು. "ಮಗು ಹಿಂಗೆ ನಿಂತಿದ್ರೆ ಫೋಟೋ ಹಿಡೀತಾ ಕೂತಿದೀಯಲ್ಲ, ನಿಂಗೆ ಕರುಳು ಅನ್ನೋದು ಇಲ್ವೇನೆ?" ಅಂದಳು. ನನಗೆ ಇತ್ತು. ಅಷ್ಟು ಹೊತ್ತಿಗೆ ಸುಮಾರು ಒಂದು ವರ್ಷದಿಂದ ನಾವು ಬಾಯಲ್ಲಿ ಹೇಳಿದ್ದನ್ನು ಯಾರೂ ನಂಬಿರಲಿಲ್ಲ, ಅದಕ್ಕೇ ಹಿಡಿದಿಟ್ಟುಕೊಂಡೆ.

ತಮ್ಮನನ್ನು ಮನೆಯಲ್ಲಿ ಕರೆಯುವುದು ಪುಟ್ಟ ಅಂತ. ಹುಟ್ಟಿದ್ದು 2000ದಲ್ಲಿ, ನನಗಿಂತ ಆರು ವರ್ಷ ಚಿಕ್ಕವನು. ನಾಲ್ಕು ತುಂಬಿದರೂ ಮಾತು ಬರಲಿಲ್ಲ ಎಂದು ಅಪ್ಪ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ವಾಕ್ ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋದರು. ಕಿವಿ ಸರಿಯಾಗಿದೆ, ಇದು ಆಟಿಸಂ ಅಂದರು. ಅಲ್ಲಿಯವರು ಅಮ್ಮನನ್ನು ಕೂರಿಸಿಕೊಂಡು ಕಲಿಸಿದ್ದರಿಂದಲೇ ಪುಟ್ಟನಿಗೆ ಮುಂದೆ ಒಂದು ನಲವತ್ತು ಮಾತು ಬಂತು. ಆ ನಲವತ್ತನ್ನೂ ನಾನು ಬರೆದಿಟ್ಟಿದ್ದೆ. ಅಪ್ಪ ಕೆಎಸ್‌ಆರ್‌ಟಿಸಿಯಲ್ಲಿ ಕಂಡಕ್ಟರ್. ಅರಸೀಕೆರೆ ಡಿಪೊ, ಚಿಕ್ಕಮಗಳೂರು ರೂಟ್. ರಜೆಯಲ್ಲಿ ಪುಟ್ಟನನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಒಂದು ಟ್ರಿಪ್ ಹೋಗಿಬರುತ್ತಿದ್ದರು. ಬಾಣಾವರ, ಕಡೂರು, ಸಖರಾಯಪಟ್ಟಣ, ಚಿಕ್ಕಮಗಳೂರು: ಇವಿಷ್ಟೂ ಅವನ ನಲವತ್ತು ಮಾತಿನೊಳಗೆ ಸೇರಿದ್ದವು. ಇನ್ನೊಂದು ಮಾತು "ರೈಟ್". ಬಾಗಿಲು ತೆಗಿ ಅನ್ನುವುದಕ್ಕೂ ರೈಟ್, ಊಟ ಬಡಿಸು ಅನ್ನುವುದಕ್ಕೂ ರೈಟ್, ನನ್ನದು ಮುಗಿಯಿತು ಅನ್ನುವುದಕ್ಕೂ ರೈಟ್.

2020ರಲ್ಲಿ ಲಾಕ್‌ಡೌನ್ ಬಂದು ಅವನು ಹೋಗುತ್ತಿದ್ದ ವಿಶೇಷ ಶಾಲೆ ಮುಚ್ಚಿತು. ಮತ್ತೆ ತೆರೆದಾಗ, ವಯಸ್ಸು ಮೀರಿದೆ, ಇನ್ನು ನಮ್ಮಲ್ಲಿ ಆಗುವುದಿಲ್ಲ ಅಂದರು. 2021ರ ಮೇ ತಿಂಗಳಲ್ಲಿ ಅಪ್ಪ ಹೋದರು, ಕೋವಿಡ್. ಹಾಸನದ ಆಸ್ಪತ್ರೆಯಿಂದ ಮನೆಗೆ ತರಲಿಕ್ಕೂ ಆಗಲಿಲ್ಲ. ಪುಟ್ಟನನ್ನು ಹದಿನೈದು ದಿನ ಬಾಣಾವರದ ಅತ್ತೆಯ ಮನೆಯಲ್ಲಿ ಬಿಟ್ಟಿದ್ದೆವು. ವಾಪಸ್ ಬಂದವನು ಅಪ್ಪನ ಚಪ್ಪಲಿ ಇಡುವ ಜಾಗ ನೋಡಿದ. ಅಮ್ಮ "ಡ್ಯೂಟಿಗೆ ಹೋಗಿದಾರೆ ಕಣಪ್ಪ" ಅಂದಳು. ಆ ಮಾತನ್ನು ತಿದ್ದುವ ಧೈರ್ಯ ನಮ್ಮಿಬ್ಬರಿಗೂ ಮುಂದೆ ಬರಲೇ ಇಲ್ಲ.

ಆ ವರ್ಷದ ದೀಪಾವಳಿ ಕಳೆದ ಮೇಲೆ ಅವನು ನಿಧಾನವಾದ. ತುತ್ತು ಬಾಯಿ ತನಕ ಬಂದು ಅಲ್ಲೇ ನಿಲ್ಲುವುದು, ಅಂಗಿಯ ಒಂದು ತೋಳು ಹಾಕಿಕೊಂಡು ಇನ್ನೊಂದು ಹಾಕದೆ ಕೂರುವುದು, ಬಚ್ಚಲಿಗೆ ಹೊರಟವನು ಬಾಗಿಲಲ್ಲೇ ನಿಂತುಬಿಡುವುದು. ನಿಂತಲ್ಲೇ ಒದ್ದೆ ಮಾಡಿಕೊಂಡಾಗ ಅವನ ಕಣ್ಣಲ್ಲಿ ನೀರು ಬರುತ್ತಿತ್ತು. ಹಟ ಮಾಡುವ ಹುಡುಗ ಯಾಕೆ ಅಳುತ್ತಾನೆ ಎಂದು ನಾನು ಆಗಲೇ ಯೋಚಿಸಬೇಕಿತ್ತು. ಮಾತು ನಲವತ್ತರಿಂದ ಹತ್ತಕ್ಕೆ ಇಳಿಯಿತು, ಆಮೇಲೆ ಅದೂ ನಿಂತಿತು. ನಡುವೆ ನಡುವೆ ಇದ್ದಕ್ಕಿದ್ದಂತೆ ಎದ್ದು ತಲೆಯನ್ನು ಗೋಡೆಗೆ ಜಜ್ಜಿಕೊಳ್ಳುತ್ತಿದ್ದ. 64 ಕಿಲೊ ಇದ್ದವನು 47ಕ್ಕೆ ಬಂದ.

ನಾವು ಸುಮ್ಮನೆ ಕೂತಿರಲಿಲ್ಲ. ತಲೆ ಜಜ್ಜಿಕೊಳ್ಳುತ್ತಾನೆ ಎಂದು ಒಬ್ಬರ ಹತ್ತಿರ ಹೋದೆವು. ಅವರು ರಿಸ್ಪೆರಿಡೋನ್ ಎಂಬ ಮನೋರೋಗದ ಮಾತ್ರೆ ಬರೆದರು, ಕಡಿಮೆಯಾಗದಿದ್ದಾಗ ಡೋಸ್ ಏರಿಸಿದರು. ನರರೋಗ ತಜ್ಞರು ಮೆದುಳಿನ ಇಇಜಿ ಪರೀಕ್ಷೆ ಮಾಡಿಸಿ ಫಿಟ್ಸ್ ಅಲ್ಲ ಅಂದರು. ಊಟ ಸೇರುತ್ತಿಲ್ಲ ಎಂದು ಹೋದ ಕಡೆ ಮಲಬದ್ಧತೆಗೆ ಔಷಧ ಕೊಟ್ಟರು. ಹಲ್ಲಿನವರು, ಬಾಯಿ ತೆಗೆಯದೆ ನಾನೇನು ನೋಡಲಿ ಎಂದು ಕಳಿಸಿದರು. ತಪ್ಪು ಮಾಡಬೇಕೆಂದು ಯಾರೂ ಮಾಡಲಿಲ್ಲ. ಅವರವರ ಮುಂದಿದ್ದ ತುಂಡನ್ನು ಅವರವರು ನೋಡಿದರು. ಒಬ್ಬರು ಬರೆದ ಚೀಟಿಯನ್ನು ಇನ್ನೊಬ್ಬರು ತಿರುಗಿಸಿ ನೋಡಲಿಲ್ಲ, ಫೋನ್ ಎತ್ತಿ ಒಬ್ಬರನ್ನೊಬ್ಬರು ಕೇಳಲಿಲ್ಲ. "ಮೊದಲು ಹೀಗಿರಲಿಲ್ಲ ಡಾಕ್ಟ್ರೇ, ಸ್ವಂತ ಸ್ನಾನ ಮಾಡ್ಕೋತಿದ್ದ" ಎಂದು ನಾನು ಹೇಳಿದಾಗಲೆಲ್ಲ ಬರುತ್ತಿದ್ದ ಉತ್ತರ ಒಂದೇ: ಆಟಿಸಂ ಅಲ್ವಾ, ಹಾಗೇ ಇರುತ್ತೆ. ಏನೇ ಬಂದರೂ ಆಟಿಸಂ ಖಾತೆಗೆ ಬರೆದು ಪುಸ್ತಕ ಮುಚ್ಚಿಬಿಡುತ್ತಿದ್ದರು. ಆಟಿಸಂ ಇರುವ ಮಕ್ಕಳಲ್ಲಿ ಶೇ. 70ರಷ್ಟು ಮಂದಿಗೆ ಜತೆಯಲ್ಲಿ ಆತಂಕವೋ ಇನ್ನೊಂದೋ ಮಾನಸಿಕ ತೊಂದರೆ ಇರುತ್ತದೆ ಎಂದು 2008ರಲ್ಲೇ ಬ್ರಿಟನ್ನಿನ ಒಂದು ಅಧ್ಯಯನ ಕಂಡುಕೊಂಡಿತ್ತು ಎನ್ನುವುದನ್ನು ನಾನು ಓದಿದ್ದು ಎಲ್ಲ ಮುಗಿದ ಮೇಲೆ.

2023ರ ಜನವರಿಯಲ್ಲಿ ಒಂದು ರಾತ್ರಿ ಜಜ್ಜಿಕೊಳ್ಳುವುದು ನಿಲ್ಲದೆ ಒಂದು ಆಸ್ಪತ್ರೆಗೆ ಸೇರಿಸಿದೆವು. ಹ್ಯಾಲೊಪೆರಿಡಾಲ್ ಇಂಜೆಕ್ಷನ್ ಕೊಟ್ಟರು, ಅದೂ ರಿಸ್ಪೆರಿಡೋನ್ ಜಾತಿಯದೇ. ಬೆಳಗಾಗುವಷ್ಟರಲ್ಲಿ ಪುಟ್ಟನ ಮೈ ಮರದ ಹಲಗೆಯ ಹಾಗೆ ಆಗಿತ್ತು, ಜ್ವರ, ಬೆವರು. ಡ್ರಿಪ್ ಹಾಕಿ ಮೂರನೆಯ ದಿನ ಜ್ವರ ಇಳಿಸಿ ಮನೆಗೆ ಕಳಿಸಿದರು. ಡಿಸ್ಚಾರ್ಜ್ ಚೀಟಿಯಲ್ಲಿ ಜ್ವರದ ಸಂಗತಿ ಇತ್ತು, ಮೈ ಬಿಗಿದ ಸಂಗತಿ ಇರಲಿಲ್ಲ. ನಾನೇ ಒಂದು 200 ಪುಟದ ಉದ್ದ ನೋಟ್‌ಬುಕ್ ತಂದು ತಾರೀಖು, ಗಂಟೆ, ಮಾತ್ರೆ, ಎಷ್ಟು ನಿಮಿಷ ನಿಂತ, ಎಷ್ಟು ತುತ್ತು ತಿಂದ, ಎಲ್ಲ ಬರೆಯಲು ಶುರು ಮಾಡಿದೆ.

ಫೆಬ್ರುವರಿಯಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ಗೆ ಹೊರಟೆವು. ಅರಸೀಕೆರೆ ಬಸ್ ನಿಲ್ದಾಣದಲ್ಲಿ ಪುಟ್ಟ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ನಿಂತುಬಿಟ್ಟ. ಹಿಂದೆ ಜನ, ಅಮ್ಮ ಬೆನ್ನು ತಳ್ಳುತ್ತಿದ್ದಾಳೆ, ನಾನು ಮೇಲಿಂದ ಕೈ ಎಳೆಯುತ್ತಿದ್ದೇನೆ. ಎಳೆದಷ್ಟೂ ಅವನ ತೋಳು ಬಿಗಿಯಿತು. ಕಂಡಕ್ಟರ್ ಅಪ್ಪನ ಜತೆ ಕೆಲಸ ಮಾಡಿದವರು. "ಬಿಡವ್ವ, ಬಿಡು, ನಿಧಾನಕ್ಕೆ ಹತ್ಲಿ" ಎಂದು ನನ್ನ ಕೈ ಬಿಡಿಸಿ, ಒಂದು ನಿಮಿಷ ಕಾದು, ಡ್ರೈವರ್ ಕಡೆ ತಿರುಗಿ ತಮ್ಮ ರೂಢಿಯಂತೆ "ರೈಟ್, ರೈಟ್" ಎಂದು ಕೂಗಿದರು. ಪುಟ್ಟ ಇನ್ನೊಂದು ಕಾಲೆತ್ತಿ ಮೇಲೆ ಬಂದ. ಸೀಟಿನಲ್ಲಿ ಕೂತ ತಕ್ಷಣ ನಾನು ನೋಟ್‌ಬುಕ್ ತೆಗೆದು ಬರೆದೆ: ಬೆಳಿಗ್ಗೆ 5.50, ಬಸ್ ಮೆಟ್ಟಿಲು, ರೈಟ್ ಅಂದಾಗ ಹತ್ತಿದ. ಬರೆದದ್ದು ಅಷ್ಟೇ. ಅದು ಏನು ಎಂದು ನನಗೆ ಗೊತ್ತಿರಲಿಲ್ಲ.

ನಿಮ್ಹಾನ್ಸ್‌ನಲ್ಲಿ ಮೊದಲು ನೋಡಿದವರು ಕಿರಿಯ ವೈದ್ಯೆ, ನನಗಿಂತಲೂ ಚಿಕ್ಕವರಿರಬೇಕು. ವರ್ಕಪ್ ಅನ್ನುತ್ತಾರೆ ಅಲ್ಲಿ, ಕೂರಿಸಿಕೊಂಡು ಹುಟ್ಟಿದಾಗಿನಿಂದ ಎಲ್ಲ ಕೇಳಿ ಬರೆದುಕೊಳ್ಳುವುದಕ್ಕೆ. ಎರಡು ಗಂಟೆ ಹಿಡಿಯಿತು. ನಾನು ವಿಡಿಯೊ ತೋರಿಸಿದೆ. ಅವರು ಪೂರ್ತಿ ನೋಡಲಿಲ್ಲ, ನಾಲ್ಕು ನಿಮಿಷಕ್ಕೆ ನಿಲ್ಲಿಸಿ ಎದ್ದು ಪುಟ್ಟನ ಹತ್ತಿರ ಹೋದರು. "ನಿನ್ನ ಕೈ ಮುಟ್ತೀನಿ ಪುಟ್ಟಾ" ಎಂದು ಹೇಳಿ, ಅವನ ಎಡಗೈಯನ್ನು ಮೆಲ್ಲಗೆ ಎದೆಯ ಮಟ್ಟಕ್ಕೆ ಎತ್ತಿ, ಬಿಟ್ಟರು. ಕೈ ಕೆಳಗೆ ಬೀಳಲಿಲ್ಲ. ಗಾಳಿಯಲ್ಲೇ ನಿಂತಿತು. ಅಮ್ಮ ಅದನ್ನು ನೋಡಿ ಬಾಯಿಗೆ ಸೆರಗು ಹಿಡಿದುಕೊಂಡಳು. ಅಷ್ಟು ದಿನ ನಾವಿಬ್ಬರೂ ಅವನ ಕೈ ಎಳೆದಿದ್ದೆವು, ತಳ್ಳಿದ್ದೆವು, ಹೊಡೆದೂ ಇದ್ದೆವು. ಎತ್ತಿ ಬಿಟ್ಟು ನೋಡಿರಲಿಲ್ಲ.

ಅದರ ಹೆಸರು ಕ್ಯಾಟಟೋನಿಯಾ. ಮನಸ್ಸಿನಲ್ಲಿ ಬೇಕು ಅನ್ನಿಸಿದರೂ ಮೈ ಹೊರಡದೆ ಇರುವ ಸ್ಥಿತಿ. ಒಮ್ಮೆ ಕಲ್ಲಿನ ಹಾಗೆ ನಿಲ್ಲಿಸುತ್ತದೆ, ಇನ್ನೊಮ್ಮೆ ಕಾರಣವೇ ಇಲ್ಲದೆ ಎಬ್ಬಿಸಿ ಓಡಿಸುತ್ತದೆ, ಜಜ್ಜಿಕೊಳ್ಳುವಂತೆ ಮಾಡುತ್ತದೆ. ನಾವು ಎರಡು ಬೇರೆ ಬೇರೆ ಕಾಯಿಲೆ ಅಂದುಕೊಂಡದ್ದು ಒಂದೇ ಆಗಿತ್ತು. 23 ಅಂಶಗಳ ಒಂದು ಪಟ್ಟಿ ಇಟ್ಟುಕೊಂಡು ಅಂಕ ಹಾಕುತ್ತಾರೆ, ಬುಷ್–ಫ್ರಾನ್ಸಿಸ್ ಮಾಪಕ ಎಂದು ಅದಕ್ಕೆ ಹೆಸರು. ಇಂಗ್ಲೆಂಡಿನಲ್ಲಿ ಲೋರ್ನಾ ವಿಂಗ್ ಮತ್ತು ಅಮಿತಾ ಷಾ 2000ದಲ್ಲಿ, ಅಂದರೆ ಪುಟ್ಟ ಹುಟ್ಟಿದ ವರ್ಷದಲ್ಲೇ, ಪ್ರಕಟಿಸಿದ ಅಧ್ಯಯನ ಒಂದಿದೆ. ಅವರ ಕೇಂದ್ರಕ್ಕೆ ಬಂದ 15 ದಾಟಿದ ಆಟಿಸಂ ಇರುವವರಲ್ಲಿ ಶೇ. 17 ಮಂದಿಗೆ ಇದು ಕಂಡಿತ್ತು. ಆ ವಿಂಗ್ ಅವರ ಮಗಳಿಗೂ ಆಟಿಸಂ ಇತ್ತಂತೆ. ಅದನ್ನು ಓದಿದಾಗ ನನಗೆ ಏನೋ ಸಮಾಧಾನವಾಯಿತು. ಹದಿಹರೆಯ ದಾಟುವಾಗ, ದಿನಚರಿ ತಪ್ಪಿದಾಗ, ಹತ್ತಿರದವರನ್ನು ಕಳೆದುಕೊಂಡಾಗ ಇದು ಹಿಡಿದುಕೊಳ್ಳಬಹುದು. ಪುಟ್ಟನಿಗೆ ಮೂರೂ ಒಟ್ಟಿಗೆ ಬಂದಿದ್ದವು. ಇದೇ ಕಾರಣ ಎಂದು ಬೊಟ್ಟಿಟ್ಟು ಅಲ್ಲಿ ಯಾರೂ ಹೇಳಲಿಲ್ಲ, ನಾನೂ ಹೇಳುವುದಿಲ್ಲ.

ಮೊದಲು ಮಾಡಿದ ಕೆಲಸ, ಅಲ್ಲಿಯ ತನಕ ಕೊಡುತ್ತಿದ್ದ ರಿಸ್ಪೆರಿಡೋನ್ ನಿಲ್ಲಿಸಿದ್ದು. ಕ್ಯಾಟಟೋನಿಯಾ ಇರುವಾಗ ಆ ಜಾತಿಯ ಔಷಧಗಳು ಅದನ್ನು ಹೆಚ್ಚಿಸಬಹುದು, ಮೈ ಬಿಗಿದು ಜ್ವರ ಏರಿ ಜೀವಕ್ಕೇ ಕುತ್ತು ತರಬಹುದು. ಜನವರಿಯ ಆ ರಾತ್ರಿಯ ಪುಟವನ್ನು ಹಿರಿಯ ವೈದ್ಯರು ಎರಡು ಸಲ ಓದಿದರು. ರಕ್ತ ಪರೀಕ್ಷೆಗೆ ಬರೆದರು. ಅದೇ ಮಧ್ಯಾಹ್ನ ಲೊರಾಜೆಪಾಮ್ ಕೊಟ್ಟು ನೋಡುತ್ತೇವೆ ಅಂದರು, ಸಾಮಾನ್ಯವಾಗಿ ಆತಂಕಕ್ಕೆ, ನಿದ್ದೆಗೆ ಕೊಡುವ ಔಷಧ ಅದು. ಮೊದಲು ಅಂಕ ಹಾಕಿಕೊಂಡು, ನರಕ್ಕೆ 2 ಮಿಲಿಗ್ರಾಂ ಕೊಟ್ಟು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅಂಕ ಹಾಕುವುದು. ನಾನು ಗಡಿಯಾರ ನೋಡುತ್ತಿದ್ದೆ. ಐದನೆಯ ನಿಮಿಷಕ್ಕೆ ಅವನ ಕಣ್ಣು ಕಿಟಕಿಯ ಕಡೆ ತಿರುಗಿತು. ಒಂಬತ್ತನೆಯ ನಿಮಿಷಕ್ಕೆ ಕೈ ತಾನಾಗಿ ಇಳಿದು ತೊಡೆಯ ಮೇಲೆ ಕೂತಿತು. ಅಮ್ಮ ನೀರಿನ ಬಾಟಲಿ ಕೊಟ್ಟಳು. ಅವನೇ ಮುಚ್ಚಳ ತಿರುವಿ ಗಟಗಟ ಕುಡಿದ, ಅರ್ಧ ಬಾಟಲಿ. ಕುಡಿದು, ಬಾಯಿ ಒರೆಸಿಕೊಂಡು, ಎದ್ದು ನಿಂತು, ಬಾಗಿಲ ಕಡೆ ನೋಡಿ "ರೈಟ್" ಅಂದ. ಹನ್ನೊಂದು ತಿಂಗಳ ಮೇಲೆ ನಾವು ಕೇಳಿದ ಅವನ ದನಿ. ಒಂದೆರಡು ಗಂಟೆಯಲ್ಲಿ ಮತ್ತೆ ಮೊದಲಿನಂತೆ ನಿಂತುಬಿಟ್ಟ. ಆದರೆ ಒಳಗೆ ಅವನು ಇದ್ದಾನೆ ಎನ್ನುವುದು ಅವತ್ತು ನಮ್ಮಿಬ್ಬರ ಕಣ್ಣಿಗೂ ಕಂಡಿತು.

ಸೇರಿಸಿಕೊಂಡರು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ, ಹೆಚ್ಚಿನ ಬೆಂಬಲ ಬೇಕಾದವರನ್ನು, ಅವರ ಪರವಾಗಿ ನಿಲ್ಲುವ ನಾಮನಿರ್ದೇಶಿತ ಪ್ರತಿನಿಧಿಯ ಅರ್ಜಿಯ ಮೇಲೆ 30 ದಿನದವರೆಗೆ ದಾಖಲಿಸಿಕೊಳ್ಳಬಹುದು. ಆ ಪ್ರತಿನಿಧಿ ನಾನಾದೆ. ಅರ್ಜಿಗೆ ಸಹಿ ಹಾಕುವ ಮುಂಚೆ ಸೋಷಿಯಲ್ ವರ್ಕರ್ ಒಂದು ಮಾತು ಹೇಳಿದರು: "ನೀವು ಸಹಿ ಹಾಕ್ತೀರಿ, ಸರಿ. ಆದ್ರೆ ಪುಟ್ಟನಿಗೂ ಹೇಳಬೇಕು." ರೋಗಿಗೆ ಅರ್ಥವಾಗುವ ಸರಳ ಭಾಷೆಯಲ್ಲೋ, ಸಂಜ್ಞೆಯಲ್ಲೋ, ಚಿತ್ರದಲ್ಲೋ ವಿಷಯ ತಿಳಿಸಬೇಕು ಎಂದು ಆ ಕಾಯ್ದೆಯೇ ಹೇಳುತ್ತದೆ. ಇಪ್ಪತ್ತೆರಡು ವರ್ಷದಲ್ಲಿ ಅವನನ್ನು ಒಂದು ಮಾತು ಕೇಳಿ ಏನನ್ನಾದರೂ ನಿರ್ಧರಿಸಿದ ನೆನಪು ನನಗಿಲ್ಲ. ಮಂಚದ ಚಿತ್ರ, ಅಮ್ಮನ ಫೋಟೊ, ಸಿರಿಂಜಿನ ಚಿತ್ರ, ಕೊನೆಗೆ ನಮ್ಮ ಮನೆಯ ಫೋಟೊ, ಒಂದು ಸಾಲಿನಲ್ಲಿ ಇಟ್ಟರು. ಅವನು ಬಹಳ ಹೊತ್ತು ತೆಗೆದುಕೊಂಡು ಸಿರಿಂಜಿನ ಚಿತ್ರವನ್ನು ಮೇಜಿನಿಂದ ತಳ್ಳಿದ. ಉಳಿದ ಮೂರನ್ನು ಹಾಗೇ ಬಿಟ್ಟ. ಅವನಿಗೆ ಆಸ್ಪತ್ರೆಯ ಬಗ್ಗೆ ಅಲ್ಲ, ಸೂಜಿಯ ಬಗ್ಗೆ ಭಯ. ಅದಾದ ಮೇಲೆ ರಕ್ತ ತೆಗೆಯುವ ಮುಂಚೆ ಪ್ರತಿ ಸಲವೂ ಕೈಗೆ ಮರಗಟ್ಟುವ ಮುಲಾಮು ಹಚ್ಚಿ ಮುಕ್ಕಾಲು ಗಂಟೆ ಕಾಯುತ್ತಿದ್ದರು.

ಮನೆಯವರೊಬ್ಬರು ವಾರ್ಡಿನಲ್ಲಿ ಜತೆಗೇ ಇರಬೇಕು. ಅಮ್ಮ ಹಗಲು, ನಾನು ರಾತ್ರಿ. ಶಾಲೆಗೆ ರಜೆ ಹಾಕಿದ್ದೆ. ಮನೆಯವರನ್ನು ಹೀಗೆ ಉಳಿಸಿಕೊಳ್ಳುವುದು ನಮ್ಮ ದೇಶದಲ್ಲಿ ಹಳೆಯ ಪದ್ಧತಿ ಎಂದು ರಾತ್ರಿ ಪಾಳಿಯ ವೈದ್ಯರು ಹೇಳಿದರು. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಅಂಗಳದಲ್ಲಿ ಡೇರೆ ಹಾಕಿಸಿ ರೋಗಿಗಳ ಕುಟುಂಬಗಳನ್ನು ಅಲ್ಲೇ ಇರಿಸಿಕೊಂಡಿದ್ದರಂತೆ. ಪುಟ್ಟನಂಥವನಿಗೆ ಅದು ಉಪಚಾರವಲ್ಲ, ಅಗತ್ಯ. ಅವನಿಗೆ ಹೊಟ್ಟೆ ನೋಯುತ್ತಿದೆ ಅನ್ನುವುದು ಅವನ ಕಿವಿ ಹಿಡಿದುಕೊಳ್ಳುವ ರೀತಿಯಿಂದ ತಿಳಿಯುತ್ತದೆ. ಅದು ಅಮ್ಮನಿಗೆ ಮಾತ್ರ ಗೊತ್ತು. ಅಮ್ಮ ಹೇಳಿದಳು, ನರ್ಸ್ ಬರೆದುಕೊಂಡರು, ಮಾರನೆಯ ದಿನದಿಂದ ಎಲ್ಲ ಪಾಳಿಯವರಿಗೂ ಗೊತ್ತಾಯಿತು.

ಮೊದಲ ವಾರದ ಕೊನೆಗೆ ನಡೆದ ಸಭೆಯನ್ನು ನಾನು ಮರೆಯುವುದಿಲ್ಲ. ಒಂದು ಕೋಣೆ, ಒಂದು ಮೇಜು. ಮನೋವೈದ್ಯರು, ಮನಶ್ಶಾಸ್ತ್ರಜ್ಞೆ, ದಿನನಿತ್ಯದ ಕೆಲಸ ರೂಢಿಸುವ ಆಕ್ಯುಪೇಷನಲ್ ಥೆರಪಿಯವರು, ಸೋಷಿಯಲ್ ವರ್ಕರ್, ನರ್ಸ್, ಅಮ್ಮ, ನಾನು. ನನ್ನ ನೋಟ್‌ಬುಕ್ ಮೇಜಿನ ನಡುವೆ. ಥೆರಪಿಯವರು ಪುಟ ತಿರುವುತ್ತಾ ಆ ಬೆಳಗಿನ 5.50ರ ಸಾಲಿನಲ್ಲಿ ಬೆರಳಿಟ್ಟರು. "ಇದು ಮತ್ತೆ ಆಗಿದೆಯಾ?" ಆಗಿತ್ತು, ವಾರ್ಡಿಗೆ ಬಂದ ಮೇಲೆ ಆರು ಸಲ. ಹೊರಡಲಾಗದೆ ನಿಂತ ಮೈಗೆ ಹೊರಗಿನಿಂದ ಒಂದು ಸೂಚನೆ ಸಿಕ್ಕರೆ ಹೊರಡುತ್ತದೆ ಎಂದು ಅವರು ವಿವರಿಸಿದರು. ಕೆಲವರಿಗೆ ಮೊಣಕೈ ಮೇಲೆ ಹಗುರವಾದ ಸ್ಪರ್ಶ, ಕೆಲವರಿಗೆ ಒಂದು ಮಾತು. ಎಳೆದರೆ ಬಿಗಿಯುತ್ತದೆ. ಪುಟ್ಟನ ಮಾತನ್ನು ಅವನ ಅಪ್ಪ ಕೊಟ್ಟು ಹೋಗಿದ್ದರು. ಅವತ್ತು ಸಂಜೆಯಿಂದ ನರ್ಸ್, ಆಯಾ, ಊಟದ ಗಾಡಿ ತರುವವರು ಎಲ್ಲರೂ ಬಾಗಿಲಲ್ಲಿ ನಿಂತ ಪುಟ್ಟನಿಗೆ "ರೈಟ್" ಹೇಳಿ ಸುಮ್ಮನೆ ಕಾಯಲು ಕಲಿತರು.

ಅದೇ ಸಭೆಯಲ್ಲಿ ಮನಶ್ಶಾಸ್ತ್ರಜ್ಞೆ ಕೇಳಿದರು: "ತಂದೆ ತೀರಿಕೊಂಡದ್ದನ್ನ ಅವನಿಗೆ ಯಾರು ಹೇಳಿದ್ರು?" ಅಮ್ಮ ನನ್ನ ಮುಖ ನೋಡಿದಳು. ನಾನು ಮೇಜು ನೋಡಿದೆ.

ಲೊರಾಜೆಪಾಮನ್ನು ದಿನಕ್ಕೆ 8 ಮಿಲಿಗ್ರಾಂ ತನಕ ಏರಿಸಿದರು. ಅರ್ಧ ದಾರಿ ಬಂದು ಅಲ್ಲೇ ನಿಂತ. ನಡೆಯುತ್ತಿದ್ದ, ನೀರು ಕುಡಿಯುತ್ತಿದ್ದ, ಊಟ ಮಾತ್ರ ಸೇರುತ್ತಿರಲಿಲ್ಲ. ಆಗ ಇಸಿಟಿ ಮಾತು ಬಂತು, ತಲೆಗೆ ಸ್ವಲ್ಪ ಹೊತ್ತು ವಿದ್ಯುತ್ ಹಾಯಿಸುವ ಚಿಕಿತ್ಸೆ. "ಕರೆಂಟ್ ಕೊಡೋದಾ? ನನ್ ಮಗನಿಗಾ? ಬೇಡವೇ ಬೇಡ" ಎಂದು ಅಮ್ಮ ಎದ್ದೇ ಹೋದಳು. ಹಿರಿಯ ವೈದ್ಯರು ಒತ್ತಾಯ ಮಾಡಲಿಲ್ಲ. ಮಾರನೆಯ ದಿನ ಅಮ್ಮನನ್ನು ಕರೆದುಕೊಂಡು ಹೋಗಿ ಕೋಣೆ ತೋರಿಸಿದರು, ಮಂಚ ತೋರಿಸಿದರು, ಅರಿವಳಿಕೆ ಕೊಡುವ ವೈದ್ಯರ ಜತೆ ಮಾತಾಡಿಸಿದರು. ಪೂರ್ತಿ ನಿದ್ದೆ ಬರಿಸಿ, ಮಾಂಸಖಂಡ ಸಡಿಲಿಸುವ ಔಷಧ ಕೊಟ್ಟೇ ಮಾಡುವುದು. ಅವೆರಡೂ ಇಲ್ಲದೆ ಮಾಡುವುದು ಈಗ ಕಾಯ್ದೆಯಲ್ಲೇ ನಿಷೇಧ. ಅಮ್ಮ ಒಂದೇ ಪ್ರಶ್ನೆ ಕೇಳಿದಳು. "ಕಣ್ಣು ಬಿಟ್ಟಾಗ ನಾನು ಎದುರಿಗೆ ಇರಬೌದಾ?" ಇರಬಹುದು ಅಂದರು. ಏಳು ಸಲ ಆಯಿತು, ದಿನ ಬಿಟ್ಟು ದಿನ. ಮೂರನೆಯದರ ಸಂಜೆ ಪುಟ್ಟ ತಾನೇ ಇಡ್ಲಿ ಮುರಿದು ಚಟ್ನಿಗೆ ಅದ್ದಿದ. ಆ ದಿನಗಳ ಕೆಲವು ಸಂಗತಿ ಅವನಿಗೆ ನೆನಪಿಲ್ಲ ಅಂತ ಕಾಣುತ್ತದೆ, ತನ್ನ ಮಂಚ ಯಾವುದು ಎಂದು ಒಂದೆರಡು ದಿನ ತಡಕಾಡಿದ. ಅದನ್ನೂ ಬರೆಯಬೇಕು, ಬರೆದಿದ್ದೇನೆ.

ಅಪ್ಪನ ವಿಷಯ ಹೇಳಿದ್ದು ಕೊನೆಯ ವಾರ. ಒಂಬತ್ತು ಚಿತ್ರದ ಒಂದು ಪುಟ್ಟ ಪುಸ್ತಕ ಮಾಡಿದರು. ಅಪ್ಪ ಖಾಕಿಯಲ್ಲಿ, ಅಪ್ಪನಿಗೆ ಜ್ವರ, ಆಂಬುಲೆನ್ಸ್, ಆಸ್ಪತ್ರೆ. ಮುಂದೆ ಖಾಲಿ ಮಂಚ. ಆಮೇಲೆ ಅಪ್ಪನ ಚಿತಾಭಸ್ಮ ಬಿಟ್ಟ ನದಿ. "ಮಲಗಿದಾರೆ, ದೂರ ಹೋಗಿದಾರೆ ಅಂತೆಲ್ಲ ಹೇಳಬೇಡಿ, ಸತ್ತಿದಾರೆ ಅನ್ನೋ ಪದಾನೇ ಹೇಳಿ, ಅವನು ಮಾತನ್ನ ಹಾಗಾಗೇ ತಗೋತಾನೆ" ಅಂದಿದ್ದರು ಮನಶ್ಶಾಸ್ತ್ರಜ್ಞೆ. ಅಮ್ಮನ ಬಾಯಿಂದ ಆ ಪದ ಹೊರಡಲಿಲ್ಲ. ನಾನು ಹೇಳಿದೆ. ಪುಟ್ಟ ಮೊದಲ ಚಿತ್ರಕ್ಕೆ ಹಿಂದಿರುಗಿದ, ಕೊನೆಯದಕ್ಕೆ ಹೋದ, ಮತ್ತೆ ಮೊದಲಿಗೆ ಬಂದ. ಹೀಗೆ ಹತ್ತಾರು ಸಲ. ಅಳಲಿಲ್ಲ. ರಾತ್ರಿ ಆ ಪುಸ್ತಕವನ್ನು ದಿಂಬಿನ ಕೆಳಗೆ ಇಟ್ಟುಕೊಂಡು ಮಲಗಿದ.

26 ದಿನ ಇದ್ದೆವು. ಬಿಡುಗಡೆಗೆ ಮುಂಚೆ ಸೋಷಿಯಲ್ ವರ್ಕರ್ ಕೇಳಿದ್ದು ಪುಟ್ಟನ ಬಗ್ಗೆಯಲ್ಲ. "ಅಮ್ಮಾ, ನೀವು ರಾತ್ರಿ ಪೂರ್ತಿ ನಿದ್ದೆ ಮಾಡಿ ಎಷ್ಟು ದಿನ ಆಯ್ತು?" ಅಮ್ಮನ ಬಿಪಿ ನೋಡಿಸಿದರು, 170 ಇತ್ತು. ಅವಳಿಗೂ ಅವತ್ತೇ ಮಾತ್ರೆ ಶುರುವಾಯಿತು. ಆಮೇಲೆ ನಾಲ್ಕು ಕಾಗದ ಸಿದ್ಧ ಮಾಡಿದರು: ಹಾಸನದ ಜಿಲ್ಲಾ ಮನೋವೈದ್ಯರಿಗೆ, ನಮ್ಮ ತಾಲ್ಲೂಕು ಆಸ್ಪತ್ರೆಗೆ, ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತೆಗೆ, ಔಷಧ ಅಂಗಡಿಯವರಿಗೆ ತೋರಿಸಲು. ತಿಂಗಳು ತಿಂಗಳು ಬೆಂಗಳೂರಿಗೆ ಬರುವುದು ನಿಮ್ಮಿಂದ ಆಗುವ ಕೆಲಸವಲ್ಲ, ನಿಮ್ಮೂರಲ್ಲೇ ನೋಡುವವರು ಬೇಕು ಅಂದರು. ಹೀಗೆ ಊರಿನಲ್ಲೇ ನೋಡುವ ದಾರಿ ಶುರುವಾದದ್ದೂ ನಮ್ಮ ರಾಜ್ಯದಲ್ಲೇ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ನೋಡಿದ್ದು, 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಯಿತು. ಈಗ ಮನೋಚೈತನ್ಯ ಎಂಬ ಹೆಸರಿನಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುತ್ತಾರೆ. ನಮ್ಮ ಮನೆಯಿಂದ ಹನ್ನೆರಡು ನಿಮಿಷದ ನಡಿಗೆ. ವರ್ಷಕ್ಕೂ ಮೇಲೆ ಊರೂರು ಅಲೆಯುವಾಗ ಇದನ್ನು ನಮಗೆ ಯಾರೂ ಹೇಳಿರಲಿಲ್ಲ.

ಮನೆಯ ಗೋಡೆಯ ಮೇಲೆ ಈಗ ಒಂದು ರೂಟ್ ಬೋರ್ಡ್ ಇದೆ. ಥೆರಪಿಯವರು ಹೇಳಿದಂತೆ ದಿನಚರಿಯನ್ನು ಚಿತ್ರದಲ್ಲಿ ಬರೆಯಬೇಕಿತ್ತು. ನಾನು ಅದನ್ನು ಬಸ್ಸಿನ ದಾರಿ ಮಾಡಿದೆ. ಹಾಸಿಗೆ ಅರಸೀಕೆರೆ, ಬಚ್ಚಲು ಬಾಣಾವರ, ತಿಂಡಿ ಕಡೂರು, ತೆಂಗಿನ ತೋಟಕ್ಕೆ ನೀರು ಬಿಡುವುದು ಸಖರಾಯಪಟ್ಟಣ, ಮಧ್ಯಾಹ್ನದ ಊಟ ಚಿಕ್ಕಮಗಳೂರು. ಸಂಜೆ ವಾಪಸ್ ಟ್ರಿಪ್. ಒಂದೊಂದು ಸ್ಟಾಪು ಮುಗಿದಾಗ ಅವನು ಅಪ್ಪನ ಹಳೆಯ ಚರ್ಮದ ಚೀಲದಿಂದ ಒಂದು ಟಿಕೆಟ್ ತೆಗೆದು ಡಬ್ಬಿಗೆ ಹಾಕುತ್ತಾನೆ. ಕಡೂರಿನಲ್ಲಿ ತಡವಾಗುತ್ತದೆ, ದೋಸೆ ಇದ್ದ ದಿನ ಇನ್ನೂ ತಡ.

ಎಲ್ಲ ಸರಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. 2024ರ ಜುಲೈಯಲ್ಲಿ ನಾನು ತರಬೇತಿಗೆಂದು ಐದು ದಿನ ಹಾಸನದಲ್ಲಿದ್ದೆ. ಪುಟ್ಟನಿಗೆ ಕೆಮ್ಮು ಎಂದು ಅಮ್ಮ ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋದಳು, ನೋಟ್‌ಬುಕ್ ಮನೆಯಲ್ಲೇ ಬಿಟ್ಟು. ಅಲ್ಲಿನ ವೈದ್ಯರು ಮಾತ್ರೆಗಳನ್ನು ನೋಡಿ, ಇದು ನಿದ್ದೆ ಮಾತ್ರೆ, ಚಟ ಹತ್ತುತ್ತದೆ, ಇವತ್ತಿನಿಂದಲೇ ನಿಲ್ಲಿಸಿ ಅಂದರು. ಲೊರಾಜೆಪಾಮನ್ನು ಒಮ್ಮೆಲೇ ನಿಲ್ಲಿಸುವಂತಿಲ್ಲ. ಕ್ಯಾಟಟೋನಿಯಾ ಮರಳಬಹುದು, ಫಿಟ್ಸ್ ಬರಬಹುದು. ಮೂರನೆಯ ದಿನ ಕೈ ನಡುಗಿತು, ನಾಲ್ಕನೆಯ ದಿನ ಬಚ್ಚಲ ಬಾಗಿಲಲ್ಲಿ ನಿಂತವನು ರೈಟ್ ಅಂದರೂ ಹೊರಡಲಿಲ್ಲ. ರಾತ್ರಿ ಹನ್ನೊಂದಕ್ಕೆ ಅಮ್ಮ ನನಗೆ ಫೋನ್ ಮಾಡಿದಳು, ನಾನು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಮಾಡಿದೆ. ಕನ್ನಡದಲ್ಲೇ ಮಾತಾಡಿದರು. ಈಗಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಮಾತ್ರೆ ನಿಂತದ್ದನ್ನು ಮೊದಲು ಹೇಳಿ ಅಂದರು. ಪಕ್ಕದ ಮನೆಯ ಆಟೊದಲ್ಲಿ ಅಮ್ಮ ತಾಲ್ಲೂಕು ಆಸ್ಪತ್ರೆಗೆ ಹೋದಳು, ಈ ಸಲ ನೋಟ್‌ಬುಕ್ ಹಿಡಿದುಕೊಂಡು. ರಾತ್ರಿ ಪಾಳಿಯ ವೈದ್ಯರು ಪುಟ್ಟನನ್ನು ಹಿಂದೆ ಕಂಡವರಲ್ಲ. ಮೊದಲ ಪುಟ ಓದಿದರು, ಅಲ್ಲಿದ್ದ ನಂಬರಿಗೆ ಫೋನ್ ಮಾಡಿ ಜಿಲ್ಲಾ ಮನೋವೈದ್ಯರನ್ನು ಕೇಳಿದರು, ಇಂಜೆಕ್ಷನ್ ಕೊಟ್ಟು ಮಾತ್ರೆ ಮತ್ತೆ ಶುರು ಮಾಡಿದರು. ನಾನು ಬೆಳಗಿನ ಮೊದಲ ಬಸ್ಸಿಗೆ ಬರುವಷ್ಟರಲ್ಲಿ ಪುಟ್ಟ ಬೆಂಚಿನ ಮೇಲೆ ಕೂತು ಬನ್ ತಿನ್ನುತ್ತಿದ್ದ.

ಗುರುತೇ ಇಲ್ಲದ ಒಬ್ಬರು ಒಂದು ಪುಟ ಓದಿ, ಒಂದು ಫೋನ್ ಮಾಡಿದರು. ಹಿಂದೆ ವರ್ಷಕ್ಕೂ ಮೇಲೆ ನಾವು ಬೇಡಿದ್ದು ಇಷ್ಟನ್ನೇ. ಆಮೇಲೆ ನಾನು ಕಾಗದ ತೆಗೆದುಕೊಂಡು ಆ ಕ್ಲಿನಿಕ್ಕಿಗೂ ಹೋದೆ. ವೈದ್ಯರು ಕೂರಿಸಿ, ಪೂರ್ತಿ ಓದಿ, ತಮ್ಮ ಫೋನ್ ನಂಬರನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಟ್ಟರು.

ಈಗ 61 ಕಿಲೊ ಇದ್ದಾನೆ. ಮಾತ್ರೆ ದಿನಕ್ಕೆ 4 ಮಿಲಿಗ್ರಾಂಗೆ ಇಳಿದಿದೆ. ಮಾತು ಮೂವತ್ತರ ಆಸುಪಾಸು. ಹಲ್ಲಿನ ಕೆಲಸವೂ ಆಯಿತು, ಮೂರು ಸಲ ಬರೀ ಕುರ್ಚಿಯಲ್ಲಿ ಕೂತು ಎದ್ದು ಬಂದು, ನಾಲ್ಕನೆಯ ಸಲ ಬಾಯಿ ತೆರೆದ. ಆಟಿಸಂನಂಥ ತೊಂದರೆ ಇರುವವರಿಗೆಂದು ಇರುವ ನಿರಾಮಯ ಆರೋಗ್ಯ ವಿಮೆ ಮಾಡಿಸಿದ್ದೇವೆ, ಒಂದು ಲಕ್ಷದವರೆಗೆ ಸಿಗುತ್ತದೆ, ಥೆರಪಿಯ ಖರ್ಚಿಗೂ ಒದಗುತ್ತದೆ. ಆಟಿಸಂ ಇರುವ ದೊಡ್ಡವರಿಗೆ ಹಗಲು ಹೊತ್ತು ಹೋಗಿ ಬರುವಂಥ ಜಾಗ ನಮ್ಮೂರಲ್ಲಿ ಇಲ್ಲ. ಅದಕ್ಕೆ ಅರ್ಜಿ ಹಾಕುತ್ತಲೇ ಇದ್ದೇನೆ. ಅಮ್ಮನಿಗೆ 61 ಆಯಿತು.

ನೋಟ್‌ಬುಕ್ ಈಗ ನಾಲ್ಕನೆಯದು. ಪ್ರತಿ ಹೊಸ ಪುಸ್ತಕಕ್ಕೂ ಮೊದಲ ಪುಟವನ್ನು ನಾನು ಕೈಯಲ್ಲೇ ನಕಲು ಮಾಡುತ್ತೇನೆ. ಈ ಸಲ ಹೀಗೆ ಬರೆದೆ:

ಇವನನ್ನು ಪುಟ್ಟ ಎಂದು ಕರೆಯಿರಿ. ಕಿವಿ ಕೇಳುತ್ತದೆ, ಎಲ್ಲ ಅರ್ಥವಾಗುತ್ತದೆ, ಅವನ ಎದುರಿಗೇ ಅವನ ಬಗ್ಗೆ ಮಾತಾಡಬೇಡಿ. ಲೊರಾಜೆಪಾಮ್ ನಿಲ್ಲಿಸಬೇಡಿ, ಕೆಳಗಿನ ನಂಬರಿಗೆ ಕೇಳಿ. ಹ್ಯಾಲೊಪೆರಿಡಾಲ್ ಕೊಡಬೇಡಿ, 2023ರ ಜನವರಿಯಲ್ಲಿ ಏನಾಯಿತು ಎಂಬುದು ಎರಡನೆಯ ಪುಟದಲ್ಲಿದೆ. ಕಿವಿ ಹಿಡಿದುಕೊಂಡರೆ ಹೊಟ್ಟೆ ನೋವು. ಸೂಜಿಗೆ ಮುಂಚೆ ಮುಲಾಮು ಹಚ್ಚಿ. ಅಪ್ಪ ಎಲ್ಲಿ ಎಂದು ಕೇಳಿದರೆ ಸತ್ತಿದ್ದಾರೆ ಎಂದೇ ಹೇಳಿ, ಪುಸ್ತಕ ಚೀಲದಲ್ಲಿದೆ. ಬಾಗಿಲಲ್ಲಿ ನಿಂತರೆ ಎಳೆಯಬೇಡಿ. ರೈಟ್ ಅನ್ನಿ. ಒಂದೇ ಸಲ ಅನ್ನಿ. ಆಮೇಲೆ ಕಾಯಿರಿ.